ಎರಡು ವರ್ಷದ ವೀಸಾ, ಮೂರು ವರ್ಷದ ಸಾಲ

ಬೆಂಗಳೂರಿನಲ್ಲಿ ಬ್ಯಾಟರಾಯನಪುರ ಎರಡಿವೆ. ಮೈಸೂರು ರಸ್ತೆಯದು ಒಂದು, ಹೆಬ್ಬಾಳ ದಾಟಿದ ಮೇಲೆ ಬಳ್ಳಾರಿ ರಸ್ತೆಯಲ್ಲಿ ಸಿಗುವ ನಮ್ಮದು ಇನ್ನೊಂದು. 2008ರಲ್ಲಿ ದೇವನಹಳ್ಳಿ ವಿಮಾನ ನಿಲ್ದಾಣ ಶುರುವಾದ ಮೇಲೆ ಊರಿನ ಅರ್ಧ ಜನ ನಮ್ಮ ಮುಂದೆಯೇ ಸೂಟ್‌ಕೇಸ್ ಹೊತ್ತುಕೊಂಡು ಹೋಗುತ್ತಾರೆ. ಅದನ್ನು ನೋಡುತ್ತಲೇ ಬೆಳೆದ ಹುಡುಗ ಹುಡುಗಿಯರಿಗೆ ತಾವೂ ಹೋಗಬೇಕು ಅನ್ನಿಸುವುದು ಸಹಜ. ನಾನು ಬ್ರಿಟನ್ನಿನಲ್ಲಿ ಎರಡು ವರ್ಷ ದುಡಿದು ಬಂದವನೆಂದು ಗೊತ್ತಾದ ಕೂಡಲೇ ಅವರೆಲ್ಲ ಕೇಳುವುದು ಒಂದೇ: ‘ತಿಂಗಳಿಗೆ ಎಷ್ಟು ಬರತ್ತೆ?’ ಹೋಗುವುದಕ್ಕೆ ಎಷ್ಟು ಬೇಕು, ಅದು ಯಾರ ದುಡ್ಡು ಎಂದು ಇವತ್ತಿನವರೆಗೆ ಯಾರೂ ಕೇಳಿಲ್ಲ.

ನಾನು ಹೋದದ್ದು ಇಂಡಿಯಾ ಯಂಗ್ ಪ್ರೊಫೆಷನಲ್ಸ್ ಸ್ಕೀಮ್ ವೀಸಾದಲ್ಲಿ. 18ರಿಂದ 30 ವಯಸ್ಸಿನ ಪದವೀಧರರಿಗೆ ವರ್ಷಕ್ಕೆ 3,000 ವೀಸಾ, ಹೆಸರು ಎತ್ತುವುದು ಲಾಟರಿಯಲ್ಲಿ. 2023ರ ಫೆಬ್ರವರಿ ಕೊನೆಯಲ್ಲಿ ನಡೆದ ಮೊದಲ ಲಾಟರಿಯಲ್ಲೇ ನನ್ನ ಹೆಸರು ಬಂತು. ಈ ವೀಸಾಕ್ಕೆ ಕೆಲಸದ ಆಫರ್ ಬೇಡ, ಕಂಪನಿಯ ಸ್ಪಾನ್ಸರ್ ಬೇಡ. ಹೋಟೆಲಿನಲ್ಲಿ ತಟ್ಟೆ ಎತ್ತಬಹುದು, ಆಫೀಸಿನಲ್ಲಿ ಲೆಕ್ಕ ಬರೆಯಬಹುದು, ನಡುವೆ ರಜೆ ಹಾಕಿ ಸ್ಕಾಟ್ಲೆಂಡ್ ಸುತ್ತಬಹುದು. ಮೂರನ್ನೂ ಮಾಡಿದ್ದೇನೆ. ಆದರೆ ಎರಡು ವರ್ಷ ಮುಗಿದರೆ ಮುಗಿಯಿತು, ವಿಸ್ತರಣೆ ಇಲ್ಲ. ದುಡ್ಡಿನ ಲೆಕ್ಕವೆಲ್ಲ ನಿಂತಿರುವುದು ಇದರ ಮೇಲೆಯೇ.

ಹೋಗುವ ಖರ್ಚಿನಲ್ಲಿ ದೊಡ್ಡದು ವೀಸಾ ಶುಲ್ಕವಲ್ಲ, ಆರೋಗ್ಯ ಶುಲ್ಕ. ನಾನು ಕಟ್ಟುವಾಗ ವರ್ಷಕ್ಕೆ 470 ಪೌಂಡ್ ಇತ್ತು. 2024ರ ಫೆಬ್ರವರಿ 6ರಿಂದ ಅದು 776 ಆಯಿತು, ಎರಡೂ ವರ್ಷದ್ದನ್ನು ಒಟ್ಟಿಗೆ ಕಟ್ಟಬೇಕು. ಅಂದರೆ 1,552. ವೀಸಾ ಶುಲ್ಕ 2025ರ ಏಪ್ರಿಲ್‌ನಲ್ಲಿ 319 ಆಯಿತು. ಇದರ ಮೇಲೆ ಬ್ಯಾಂಕಿನಲ್ಲಿ 2,530 ಪೌಂಡ್ ಸತತ 28 ದಿನ ಇದ್ದದ್ದನ್ನು ತೋರಿಸಬೇಕು. ಪೌಂಡಿಗೆ 115 ರೂಪಾಯಿ ಹಿಡಿದರೆ ಎಲ್ಲ ಸೇರಿ ಐದು ಲಕ್ಷ ದಾಟುತ್ತದೆ. ವಿಮಾನದ ಟಿಕೆಟ್ಟು, ಕ್ಷಯ ರೋಗದ ಪರೀಕ್ಷೆ ಬೇರೆ.

‘ಆ 2,530 ತೋರಿಸುವುದಕ್ಕೆ ಮಾತ್ರ, ಒಂದು ತಿಂಗಳ ಮಟ್ಟಿಗೆ ನಾವೇ ಅರೇಂಜ್ ಮಾಡ್ತೀವಿ’ ಎನ್ನುವ ಏಜೆಂಟರಿದ್ದಾರೆ. ನಂಬಬೇಡಿ, ಆ ದುಡ್ಡು ನಿಜವಾಗಿಯೂ ಬೇಕು. ಇಂಗ್ಲೆಂಡಿನಲ್ಲಿ ಬಾಡಿಗೆ ಮನೆಗೆ ಸಾಮಾನ್ಯವಾಗಿ ಐದು ವಾರದ ಬಾಡಿಗೆಗಿಂತ ಹೆಚ್ಚು ಡಿಪಾಸಿಟ್ ಕೇಳುವಂತಿಲ್ಲ, 2019ರ ಕಾನೂನು. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸಿನ ಮಾತು ಕೇಳುತ್ತ ಬೆಳೆದ ನಾನು ಇದನ್ನು ತಿಳಿದು ಹಿಗ್ಗಿದ್ದೆ. ಆದರೆ ಹೊಸದಾಗಿ ಬಂದವನಿಗೆ ಅಲ್ಲಿ ಜಾಮೀನು ನಿಲ್ಲುವವರು ಯಾರು? ಜಾಮೀನಿಲ್ಲದಿದ್ದರೆ ಕೆಲವು ತಿಂಗಳ ಬಾಡಿಗೆ ಮೊದಲೇ ಕಟ್ಟು ಎಂದರು, ಕಟ್ಟಿದೆ. ಸಂಬಳ ಬರುವುದು ತಿಂಗಳ ಕೊನೆಗೆ, ಅದೂ ಕೆಲಸ ಸಿಕ್ಕ ಮೇಲೆ. ಮೊದಲ ಸಂಬಳ ಕೈಸೇರುವ ಹೊತ್ತಿಗೆ ಬ್ಯಾಂಕಿನಲ್ಲಿ ಹೆಚ್ಚೇನೂ ಉಳಿದಿರಲಿಲ್ಲ.

ಇನ್ನು ಎಲ್ಲರೂ ಕೇಳುವ ಸಂಬಳ. 2024ರ ಏಪ್ರಿಲ್‌ನಲ್ಲಿ ಅಲ್ಲಿನ ಕನಿಷ್ಠ ವೇತನ ಗಂಟೆಗೆ 11.44 ಪೌಂಡ್ ಆಯಿತು. ವಾರಕ್ಕೆ 37.5 ಗಂಟೆ ದುಡಿದರೆ ವರ್ಷಕ್ಕೆ ಸುಮಾರು 22,300. ತೆರಿಗೆ, ನ್ಯಾಷನಲ್ ಇನ್ಶೂರೆನ್ಸ್ ಕಳೆದು ತಿಂಗಳಿಗೆ ಕೈಗೆ 1,630ರ ಹತ್ತಿರ. ಆಗಿನ 105 ರೂಪಾಯಿ ದರದಲ್ಲಿ ಒಂದು ಲಕ್ಷದ ಎಪ್ಪತ್ತು ಸಾವಿರ! ಕೊಡಿಗೇಹಳ್ಳಿ ಗೇಟಿನಲ್ಲಿ ನಿಂತು ಕೇಳಿದರೆ ಭಾರಿ ಮೊತ್ತವೇ. ಮ್ಯಾಂಚೆಸ್ಟರಿನಲ್ಲಿ ನಿಂತು ನೋಡಿದರೆ ಹಂಚಿಕೊಂಡ ಮನೆಯ ಒಂದು ಕೋಣೆ, ಅಡುಗೆ ಸಾಮಾನು, ಬಸ್ಸು, ಚಳಿಗಾಲದ ಹೀಟರ್ ಬಿಲ್ಲು. 2 ಪೌಂಡ್ ಇದ್ದ ಬಸ್ ಟಿಕೆಟ್ಟಿನ ಮಿತಿಯನ್ನು 2025ರ ಜನವರಿಯಲ್ಲಿ ಇಂಗ್ಲೆಂಡಿನ ಬಹುತೇಕ ಕಡೆ 3ಕ್ಕೆ ಏರಿಸಿದರು, ಮ್ಯಾಂಚೆಸ್ಟರಿನಲ್ಲಿ ಮಾತ್ರ 2 ಆಗಿಯೇ ಉಳಿಯಿತು. ಬಿಗಿಯಾಗಿ ಬದುಕಿದ ತಿಂಗಳು ನನಗೆ ನಾನೂರೈವತ್ತು, ಐನೂರು ಪೌಂಡ್ ಉಳಿಯುತ್ತಿತ್ತು. ಸುತ್ತಾಡಿದ ತಿಂಗಳು ಏನೂ ಉಳಿಯುತ್ತಿರಲಿಲ್ಲ. ಸುತ್ತಾಡದೆ ಇರುವುದಾದರೆ ಅಲ್ಲಿಗೆ ಹೋಗುವುದೇ ಯಾಕೆ?

ನ್ಯಾಷನಲ್ ಇನ್ಶೂರೆನ್ಸ್ ಎಂದು ಕಟ್ಟಿದ್ದು ನಮ್ಮಂಥವರಿಗೆ ಹೋದಂತೆಯೇ. ಸರ್ಕಾರಿ ಪಿಂಚಣಿಗೆ ಕನಿಷ್ಠ ಹತ್ತು ವರ್ಷದ ವಂತಿಗೆ ಬೇಕು. 2025ರ ಜುಲೈನಲ್ಲಿ ಭಾರತ-ಬ್ರಿಟನ್ ವ್ಯಾಪಾರ ಒಪ್ಪಂದದ ಜೊತೆ ಮಾತಾಡಿಕೊಂಡ ವಿನಾಯಿತಿ ಇಲ್ಲಿನ ಕಂಪನಿ ಅಲ್ಲಿಗೆ ಕಳಿಸಿದ ನೌಕರರಿಗೆ, ಅಲ್ಲೇ ಕೆಲಸ ಹುಡುಕಿಕೊಂಡವರಿಗಲ್ಲ. ಕಂಪನಿಯ ಪಿಂಚಣಿಗೂ ಸಂಬಳದಲ್ಲಿ ತಾನಾಗಿಯೇ ಹಣ ಕಡಿತವಾಗುತ್ತದೆ, 55 ತುಂಬುವವರೆಗೆ ಕೈಗೆ ಬಾರದು, 2028ರಿಂದ 57. ಸೇರಿಸಿದ ಒಂದು ತಿಂಗಳೊಳಗೆ ಬೇಡವೆಂದರೆ ಕಡಿತವಾದದ್ದು ವಾಪಸ್ ಬರುತ್ತದೆ. ಮಾಲೀಕರೂ ಶೇ 3 ಹಾಕುತ್ತಾರಲ್ಲ ಎಂದು ನಾನು ಮುಂದುವರಿಸಿದೆ. ನನಗೆ ಸಾಲ ಇರಲಿಲ್ಲ, ಅದಕ್ಕೆ.

ಸಾಲದ ಲೆಕ್ಕ ನೋಡಿ. ಐದು ಲಕ್ಷ ಪರ್ಸನಲ್ ಲೋನ್, ಶೇ 14 ಬಡ್ಡಿ, ಮೂರು ವರ್ಷ: ತಿಂಗಳ ಕಂತು 17,000ಕ್ಕೆ ಸ್ವಲ್ಪ ಮೇಲೆ, ಒಟ್ಟು ಬಡ್ಡಿಯೇ ಒಂದು ಲಕ್ಷ 15 ಸಾವಿರ. ವೀಸಾ ಮುಗಿದು ಬ್ಯಾಟರಾಯನಪುರಕ್ಕೆ ಬಂದಿಳಿದಾಗ ಇನ್ನೂ ಹನ್ನೆರಡು ಕಂತು, ಅಂದರೆ ಎರಡು ಲಕ್ಷ ಬಾಕಿ. ಕೆಲಸ ಹುಡುಕುವ ಕಾಲವೂ ಅದೇ. ಎಂ.ಎಸ್. ಓದಲು ಹೋಗುವವರಿಗೆ ಶಿಕ್ಷಣ ಸಾಲದಲ್ಲಿ ಕಂತು ಶುರುವಾಗುವ ಮುಂಚೆ ಬಿಡುವಿರುತ್ತದೆ, ಕೊನೆಗೊಂದು ಪದವಿಯಾದರೂ ಇರುತ್ತದೆ. ಈ ವೀಸಾಕ್ಕೆ ಎರಡೂ ಇಲ್ಲ. ಹಾಗಾಗಿ ಸಾಲ ಮಾಡಿ ಹೋಗುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಅಪ್ಪ ಅಮ್ಮನ ಮನೆಯಲ್ಲಿ ಬಾಡಿಗೆಯಿಲ್ಲದೆ ಇದ್ದು, ಹೆಬ್ಬಾಳದ ಆಫೀಸಿನ ಸಂಬಳದಲ್ಲಿ ಆರ್‌.ಡಿ. ಕಟ್ಟಿ ಹೋದವನು ನಾನು. ತಡವಾಯಿತು ಎಂದು ಗೆಳೆಯರು ನಗಾಡಿದರು, ನಗಾಡಲಿ.

ಇಲ್ಲಿನ ಬ್ಯಾಂಕಿನ ಕೆಲಸವನ್ನೂ ಮುಗಿಸಿಯೇ ಹೊರಡಬೇಕು. ಕೆಲಸಕ್ಕೆಂದು ವಿದೇಶಕ್ಕೆ ಹೋದವರ ಉಳಿತಾಯ ಖಾತೆಯನ್ನು ಎನ್‌.ಆರ್‌.ಒ. ಆಗಿ ಬದಲಿಸಬೇಕು. ಅಲ್ಲಿ ಉಳಿಸಿದ್ದನ್ನು ಕಳಿಸಲು ಎನ್‌.ಆರ್‌.ಇ. ಖಾತೆ ಒಳ್ಳೆಯದು, ಅದರ ಬಡ್ಡಿಗೆ ಇಲ್ಲಿ ತೆರಿಗೆಯಿಲ್ಲ. ಯಾವ ತಿಂಗಳು ಹೊರಡುತ್ತೀರಿ ಎಂಬುದಕ್ಕೂ ಬೆಲೆಯಿದೆ. ಆ ಆರ್ಥಿಕ ವರ್ಷದಲ್ಲಿ ಇಲ್ಲಿದ್ದದ್ದು 182 ದಿನಕ್ಕಿಂತ ಕಡಿಮೆಯಾದರೆ ಅಲ್ಲಿನ ಸಂಬಳಕ್ಕೆ ಇಲ್ಲಿ ತೆರಿಗೆ ಬೀಳದು. ನಾನು ಆಗಸ್ಟಿನಲ್ಲಿ ಹೊರಟೆ, ಆ ವರ್ಷ ಬಚಾವ್. 2025ರ ಜುಲೈನಲ್ಲಿ ವಾಪಸ್ ಬಂದಾಗ ಉಲ್ಟಾ: ಏಪ್ರಿಲ್‌ನಿಂದ ಅಲ್ಲಿ ದುಡಿದದ್ದನ್ನೂ ಇಲ್ಲಿನ ರಿಟರ್ನ್‌ನಲ್ಲಿ ತೋರಿಸಿ, ಅಲ್ಲಿ ಕಟ್ಟಿದ ತೆರಿಗೆಗೆ ಫಾರ್ಮ್ 67ರಲ್ಲಿ ಕ್ರೆಡಿಟ್ ಕೇಳಬೇಕು. ಬ್ರಿಟನ್ ಬಿಡುವಾಗ ಪಿ85 ಎಂಬ ಅರ್ಜಿ ಹಾಕಿದರೆ ಹೆಚ್ಚು ಕಡಿತವಾದ ತೆರಿಗೆ ಮರಳಿ ಸಿಗುತ್ತದೆ. ನನ್ನ ವಾಪಸಾತಿ ಟಿಕೆಟ್ಟಿನ ಅರ್ಧ ಹಣ ಬಂದದ್ದು ಅಲ್ಲಿಂದ.

ಈಗ ಆಸ್ಟ್ರೇಲಿಯಾದ್ದೂ ಇದೆ. 2024ರ ಅಕ್ಟೋಬರಿನಲ್ಲಿ ಭಾರತೀಯರಿಗೆ ಮೊದಲ ಸಲ ವರ್ಕ್ ಆಂಡ್ ಹಾಲಿಡೇ ಲಾಟರಿ ತೆರೆದಾಗ ಇದ್ದದ್ದು 1,000 ಸ್ಥಾನ, ಅರ್ಜಿ ಹಾಕಿದವರು ಸುಮಾರು 40,000. ಅಲ್ಲಿ ಮಾಲೀಕರು ಕಟ್ಟುವ ‘ಸೂಪರ್’ ಎಂಬ ನಿವೃತ್ತಿ ನಿಧಿಯನ್ನು ದೇಶ ಬಿಡುವಾಗ ತೆಗೆದರೆ ಈ ವೀಸಾದವರಿಗೆ ಶೇ 65 ತೆರಿಗೆ. ಅದನ್ನು ಸಂಬಳವೆಂದು ಲೆಕ್ಕಕ್ಕೆ ಹಿಡಿಯಬೇಡಿ.

ಕಳೆದ ತಿಂಗಳು ನಮ್ಮ ಬೀದಿಯ ಹುಡುಗಿಯೊಬ್ಬಳಿಂದ ಬ್ರಿಟನ್ ಲಾಟರಿಗೆ ‘ಗ್ಯಾರಂಟಿ ಸೆಲೆಕ್ಷನ್’ ಹೆಸರಿನಲ್ಲಿ ಏಜೆಂಟನೊಬ್ಬ ಮುಂಗಡ ಕೇಳಿದ್ದ. ಆ ಲಾಟರಿಗೆ ಬ್ರಿಟನ್ ಸರ್ಕಾರದ ತಾಣದಲ್ಲಿ ನೀವೇ ಹೆಸರು ಕೊಡಬಹುದು, ಅದಕ್ಕೆ ಒಂದು ಪೈಸೆ ಶುಲ್ಕವೂ ಇಲ್ಲ.