ಚಾಲ್ಶೇ ಅನ್ನುವ ಮೊದಲು

ವಡೋದರಾದಲ್ಲಿ ಇಪ್ಪತ್ತು ವರ್ಷ ಕಳೆದವರ ನಾಲಗೆಗೆ ಗುಜರಾತಿಯ ಒಂದು ಮಾತು ಅಂಟಿಕೊಂಡುಬಿಡುತ್ತದೆ: ಚಾಲ್ಶೇ. ನಡೆಯುತ್ತೆ ಬಿಡಿ, ಎಂದರ್ಥ. ಚಹಾಕ್ಕೆ ಸಕ್ಕರೆ ಕಡಿಮೆಯಾದರೆ ಚಾಲ್ಶೇ, ಸ್ಕೂಟರಿನ ಬ್ರೇಕ್ ಸ್ವಲ್ಪ ಸಡಿಲವಾದರೂ ಚಾಲ್ಶೇ. ಹಾಲ್‌ನಲ್ಲಿ ಟಿವಿ ಪಕ್ಕ ಕೂತಿರುವ ಕಂಪ್ಯೂಟರಿಗೂ ನಾನು ವರ್ಷಗಟ್ಟಲೆ ಇದೇ ಮಾತು ಹೇಳಿಕೊಂಡು ಬಂದೆ.

ಅದನ್ನು 2014ರಲ್ಲಿ ಇಲ್ಲಿನ ಸಯಾಜಿಗಂಜ್‌ನಲ್ಲಿ ಅಸೆಂಬಲ್ ಮಾಡಿಸಿದ್ದು. ನಾಲ್ಕನೇ ತಲೆಮಾರಿನ ಐ3, 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ಡಿವಿಡಿ ರೈಟರ್, ಎಲ್ಲ ಸೇರಿ ₹24,000. ಧಾರವಾಡದಿಂದ ಟ್ರಂಕಿನಲ್ಲಿ ತಂದ ಕ್ಯಾಸೆಟ್‌ಗಳನ್ನು, ಕಾಳಿಂಗರಾಯರು, ಅಶ್ವತ್ಥ್, ಮಾಸ್ಟರ್ ಹಿರಣ್ಣಯ್ಯನವರ ನಾಟಕಗಳು, ಒಂದೊಂದಾಗಿ ಓಡಿಸಿ ಎಂಪಿ3 ಮಾಡಿಕೊಂಡಿದ್ದು ಅದರಲ್ಲೇ. ನನ್ನ ಅಪ್ಪ ಟೇಪ್ ರೆಕಾರ್ಡರ್ ಮುಂದೆ ಕೂತು ಊರ ಜಾತ್ರೆಯ ಕಥೆ ಹೇಳಿದ ಹದಿನಾಲ್ಕು ನಿಮಿಷವೂ ಅದರೊಳಗೇ ಇದೆ.

2025ರಲ್ಲಿ ಅದು ಸೋಲತೊಡಗಿತು. ‘ಕುಕ್ಕರ್ ಮೂರು ಸೀಟಿ ಹೊಡೀತು, ಇದಿನ್ನೂ ಸುರುನ ಆಗಿಲ್ಲಲ್ರೀ’ ಎಂದು ಹೆಂಡತಿ ಅಡುಗೆಮನೆಯಿಂದಲೇ ವರದಿ ಕೊಡುತ್ತಿದ್ದಳು. ಮಗಳ ಮದುವೆಯ ವಿಡಿಯೊ ಹಾಕಿದರೆ ಅಳಿಯ ತಾಳಿ ಎತ್ತಿದವನು ಅಲ್ಲೇ ಕಲ್ಲಾಗಿ ನಿಲ್ಲುತ್ತಿದ್ದ. ಇದರ ಮೇಲೆ ಅಕ್ಟೋಬರ್ 14ಕ್ಕೆ, ದೀಪಾವಳಿಗೆ ಸರಿಯಾಗಿ ಆರು ದಿನ ಮೊದಲು, ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಬೇಕೆಂದರೆ ಎಂಟನೇ ತಲೆಮಾರಿನ ಇಂಟೆಲ್ ಪ್ರೊಸೆಸರ್ ಆದರೂ ಇರಬೇಕು, ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಚಿಪ್. ನಮ್ಮದು ಆ ಪಂಕ್ತಿಯಲ್ಲಿ ಕೂರುವಂಥದ್ದಲ್ಲ. ಇನ್ನೊಂದು ವರ್ಷ ಸುರಕ್ಷತೆಯ ಅಪ್‌ಡೇಟ್ ಪಡೆಯಲು ದಾರಿ ಇದೆ, ಅದೂ 2026ರ ಅಕ್ಟೋಬರ್ 13ರವರೆಗೆ.

ಸಯಾಜಿಗಂಜ್‌ಗೆ ಮತ್ತೆ ಹೋದೆ. ಅಂಗಡಿಯ ಹುಡುಗ ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. ‘ಅಂಕಲ್, ನವು ಲೈ ಲೋ.’ ಹೊಸದು ತಗೊಳ್ಳಿ. ಅಂಗೈಯಷ್ಟಗಲದ ಮಿನಿ ಪಿಸಿ ತೋರಿಸಿದ: ಇಂಟೆಲ್ ಎನ್100, 8 ಜಿಬಿ ರ‍್ಯಾಮ್, ₹16,000. ‘ಲೈಟ್ ಬಿಲ್‌ನಲ್ಲೇ ದುಡ್ಡು ವಸೂಲ್’ ಎಂದ. ಇಲ್ಲಿ ಕರೆಂಟ್ ಬಿಲ್ಲಿಗೆ ಲೈಟ್ ಬಿಲ್ ಎನ್ನುತ್ತಾರೆ.

ವಸೂಲ್ ಎಂಬ ಮಾತು ಕಿವಿಗೆ ಬಿದ್ದರೆ ಕಾಗದ ಪೆನ್ಸಿಲ್ ತೆಗೆಯುವ ಚಟ ನನ್ನದು. ಸಹೋದ್ಯೋಗಿಯೊಬ್ಬರ ವ್ಯಾಟ್ ಮೀಟರ್ ತಂದು ಪ್ಲಗ್ಗಿಗೆ ಹಾಕಿ ನೋಡಿದೆ. ಹಳೆಯದು ಸುಮ್ಮನೆ ಹಾಡು ಹಾಡುವಾಗ ಸುಮಾರು 45 ವ್ಯಾಟ್ ಎಳೆಯುತ್ತದೆ. ಹೊಸದು 8 ಎಂದಿಟ್ಟುಕೊಳ್ಳಿ. ಉಳಿತಾಯ 37 ವ್ಯಾಟ್. ದಿನಕ್ಕೆ ಐದು ತಾಸಿನಂತೆ ವರ್ಷಕ್ಕೆ 67 ಯೂನಿಟ್ ಚಿಲ್ಲರೆ. ನನ್ನ ಬಿಲ್ಲಿನಲ್ಲಿ ಎಲ್ಲ ಸೇರಿ ಯೂನಿಟ್ಟಿಗೆ ಸುಮಾರು ₹8 ಬೀಳುತ್ತದೆ. ಅಂದರೆ ವರ್ಷಕ್ಕೆ ₹540. ಹದಿನಾರು ಸಾವಿರ ವಸೂಲಾಗಲು ಮೂವತ್ತು ವರ್ಷ ಬೇಕು. ಅಷ್ಟೊತ್ತಿಗೆ ಹುಡುಗನೇ ಅಂಕಲ್ ಆಗಿರುತ್ತಾನೆ. ಹಗಲು ರಾತ್ರಿ ಆರಿಸದೆ ಓಡಿಸುವವರ ಲೆಕ್ಕ ಬೇರೆ. ಅವರಿಗೆ ಆರು ವರ್ಷದಲ್ಲಿ ಕೈಗೆ ಬರುತ್ತದೆ, ಅವರು ಬದಲಾಯಿಸುವುದೇ ಸರಿ.

ಹಾಗಾದರೆ ಹಳೆಯದಕ್ಕೇ ತೇಪೆ ಹಾಕುವುದೇ? ಅಲ್ಲೂ ನಾನು ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ. 2021ರಲ್ಲಿ ಸೆಕೆಂಡ್‌ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದೆ, ₹5,500. ನಾಲ್ಕು ತಿಂಗಳಿಗೆ ಪರದೆ ತುಂಬ ಹಸಿರು ಗೆರೆ. ಮಾರಿದವನು ‘ಗ್ಯಾರಂಟಿ ಎಲ್ಲಿ ಬರೆದುಕೊಟ್ಟಿದ್ದೇನೆ?’ ಎಂದ. ಅಂದಿನಿಂದ ನಾನು ಇಟ್ಟುಕೊಂಡ ಪ್ರಶ್ನೆ ಒಂದೇ: ಈ ಪೆಟ್ಟಿಗೆ ಸತ್ತ ದಿನ ನಾನು ಹಾಕಿದ ವಸ್ತುವನ್ನು ಕಳಚಿ ಮುಂದಿನದಕ್ಕೆ ಹಾಕಬಹುದೇ? ಡಿಡಿಆರ್3 ರ‍್ಯಾಮ್, ಹಳೆಯ ಸಾಕೆಟ್ಟಿನ ಐ7, ಇವೆಲ್ಲ ಹೆಣದ ಮೈಮೇಲಿನ ಒಡವೆ, ಅದರ ಜೊತೆಗೇ ಹೋಗುತ್ತವೆ. ಎಸ್‌ಎಸ್‌ಡಿ ಹಾಗಲ್ಲ. ಯುಎಸ್‌ಬಿ ಕೇಸಿಗೆ ಹಾಕಿದರೆ ಎಲ್ಲಿ ಬೇಕಾದರೂ ದುಡಿಯುತ್ತದೆ.

ಒಂದು ಭಾನುವಾರ ಬಾಲ್ಕನಿಯಲ್ಲಿ ಹಳೇ ಪೇಪರ್ ಹಾಸಿ ಕ್ಯಾಬಿನೆಟ್ ಬಿಚ್ಚಿದೆ. ಫ್ಯಾನಿನ ರೆಕ್ಕೆಗೂ ಹೀಟ್‌ಸಿಂಕಿಗೂ ನಡುವೆ ಕಂಬಳಿಯಂತೆ ಧೂಳು. ಪವರ್ ಸಪ್ಲೈ ಕೆಳಗಿನ ಮೂಲೆಯಲ್ಲಿ ಹಲ್ಲಿಯ ಮೊಟ್ಟೆಯ ಸಿಪ್ಪೆ ಎರಡು. ಬೋರ್ಡಿನ ಸೆಲ್ ಮುಗಿದಿತ್ತು, ಅದಕ್ಕೇ ಗಡಿಯಾರ ದಿನಾ 2014ಕ್ಕೆ ಓಡಿಹೋಗಿ ವೆಬ್‌ಸೈಟುಗಳು ತೆರೆಯಲು ತಕರಾರು ಮಾಡುತ್ತಿದ್ದವು. ಹೊಸ ಸೆಲ್ ₹40, ಪ್ರೊಸೆಸರಿಗೆ ಹಚ್ಚುವ ಪೇಸ್ಟ್ ₹150. ಮದುವೆ ವಿಡಿಯೊ ಕಲ್ಲಾಗುತ್ತಿದ್ದುದು ಧೂಳಿನಿಂದಲ್ಲ. ಅದು 4ಕೆ, ಹೆಚ್‌ಇವಿಸಿ ಮಾದರಿಯದು. ನಾಲ್ಕನೇ ತಲೆಮಾರಿನ ಚಿಪ್ಪಿನಲ್ಲಿ ಅದನ್ನು ಬಿಡಿಸುವ ಯಂತ್ರಾಂಗವೇ ಇಲ್ಲ. ಹೊಸ ಟಿವಿಯಲ್ಲಿ ಇದೆ! ದೊಡ್ಡ ಟಿವಿಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಂದು ಶೇ. 28ರಿಂದ 18ಕ್ಕೆ ಇಳಿದಾಗ 43 ಇಂಚಿನದು ತಂದಿದ್ದೆವು. ಅದರ ಬೆನ್ನಿಗೆ ಪೆನ್‌ಡ್ರೈವ್ ಚುಚ್ಚಿದೆ, ಅಳಿಯ ತಾಳಿ ಕಟ್ಟಿ ಮುಗಿಸಿದ.

ನಿಜವಾದ ಭಯ ಬೇರೆಡೆ ಇತ್ತು. ಕ್ರಿಸ್ಟಲ್ ಡಿಸ್ಕ್ ಇನ್ಫೊ ಎಂಬ ಉಚಿತ ಸಾಫ್ಟ್‌ವೇರ್ ಹಾಕಿ ನೋಡಿದರೆ ಹಾರ್ಡ್ ಡಿಸ್ಕಿನ ಆರೋಗ್ಯದ ಮುಂದೆ ಹಳದಿ ಬಣ್ಣ. ಕೆಟ್ಟ ಜಾಗಗಳನ್ನು ಬಿಟ್ಟು ಬೇರೆಡೆಗೆ ಬರೆದುಕೊಂಡ ಲೆಕ್ಕ ವಾರದಿಂದ ವಾರಕ್ಕೆ ಏರುತ್ತಿತ್ತು. ಡಿಸ್ಕಿನೊಳಗಿನದು ಹೋದರೆ ಏನಾಗುತ್ತದೆಂದು ಕಂಡಿದ್ದೆ: 2024ರ ಆಗಸ್ಟ್ ಕೊನೆಯಲ್ಲಿ ವಿಶ್ವಾಮಿತ್ರಿ ನದಿ ಉಕ್ಕಿ ಊರೊಳಗೆ ನುಗ್ಗಿದಾಗ ನಮ್ಮ ಸೊಸೈಟಿಯ ಕೆಳಮನೆಯವರ ಕಂಪ್ಯೂಟರ್ ಎರಡು ದಿನ ನೀರೊಳಗಿತ್ತು. ಅವರು ಪೆಟ್ಟಿಗೆಗಾಗಿ ಅಳಲಿಲ್ಲ, ಫೋಟೊಗಳಿಗಾಗಿ ಅತ್ತರು. ಆಗಲೂ ನಾನು ಎರಡನೇ ಮಹಡಿಯಲ್ಲಿ ನಿಂತು, ನಮಗೇನು, ಚಾಲ್ಶೇ ಎಂದುಕೊಂಡಿದ್ದೆ.

ಕೊನೆಗೆ ಮಾಡಿದ್ದು ಇಷ್ಟು. ₹4,800ರಂತೆ ಎರಡು 1 ಟಿಬಿ ಎಕ್ಸ್‌ಟರ್ನಲ್ ಡಿಸ್ಕ್, ₹2,100ಕ್ಕೆ ಒಂದು ಎಸ್‌ಎಸ್‌ಡಿ. ವಿಂಡೋಸ್ ತೆಗೆದು, ಕೋಡಿ ಎಂಬ ಹಾಡು-ವಿಡಿಯೊ ಪ್ಲೇಯರಿಗೆಂದೇ ಮಾಡಿದ ಲಿಬ್ರೆಎಲೆಕ್ ಎಂಬ ಆಪರೇಟಿಂಗ್ ಸಿಸ್ಟಂ ಹಾಕಿದೆ, ಅದಕ್ಕೆ ದುಡ್ಡಿಲ್ಲ. ಈಗ ಕುಕ್ಕರ್ ಒಂದು ಸೀಟಿ ಹೊಡೆಯುವ ಮೊದಲೇ ಅಶ್ವತ್ಥ್ ಹಾಡತೊಡಗುತ್ತಾರೆ. ಓಟಿಟಿಯನ್ನು ಟಿವಿಯೇ ನೋಡಿಕೊಳ್ಳುತ್ತದೆ. ಬ್ಯಾಂಕಿನ ಕೆಲಸ ಹಾಲ್‌ನ ಕಂಪ್ಯೂಟರಿನಲ್ಲಿ ಬಂದ್. ಅಪ್‌ಡೇಟ್ ನಿಂತ ವಿಂಡೋಸ್‌ನಲ್ಲಿ ನೆಟ್‌ಬ್ಯಾಂಕಿಂಗ್ ಮಾಡುವವರಿದ್ದರೆ ದಯವಿಟ್ಟು ಇವತ್ತೇ ನಿಲ್ಲಿಸಿ.

ಕಾಯುವುದರಲ್ಲಿ ನಷ್ಟವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಎಐ ಡೇಟಾ ಸೆಂಟರುಗಳ ಹಸಿವಿಗೆ 2025ರ ಕೊನೆಯಲ್ಲಿ ಮೆಮೊರಿ ದರ ಜಿಗಿಯಿತು. ಮೈಕ್ರಾನ್ ಕಂಪನಿ ತನ್ನ ಕ್ರೂಷಿಯಲ್ ಬ್ರ್ಯಾಂಡಿನ ಗ್ರಾಹಕ ವ್ಯಾಪಾರವನ್ನೇ ಬಿಡುವುದಾಗಿ ಡಿಸೆಂಬರಿನಲ್ಲಿ ಹೇಳಿತು. ಮಿನಿ ಪಿಸಿಗೆ ನಾಳೆ ಎರಡು ಸಾವಿರ ಹೆಚ್ಚು ಕೊಡಬೇಕಾದೀತು. ಕೊಡೋಣ, ಬೋರ್ಡು ಸತ್ತಾಗ.

ಒಟ್ಟು ಖರ್ಚು ₹11,890. ಅದರಲ್ಲಿ ಪೆಟ್ಟಿಗೆಯ ಜೊತೆಗೇ ಹೋಗುವುದು ಸೆಲ್ಲು, ಪೇಸ್ಟು ಸೇರಿ ₹190. ಎರಡನೇ ಡಿಸ್ಕ್ ಈಗ ಧಾರವಾಡದಲ್ಲಿ ತಂಗಿಯ ಮನೆಯ ಕಪಾಟಿನಲ್ಲಿದೆ, ಅಪ್ಪನ ಹದಿನಾಲ್ಕು ನಿಮಿಷದ ಸಮೇತ.