ನೆಗಡಿಯ ಹಿಂದೆ ಬರುವ ಉಬ್ಬಸ

ಮಳೆಗಾಲ ಹಿಂದೆಗೆಯುವ ಹೊತ್ತಿಗೆ ನಾಸಿಕ, ಛತ್ರಪತಿ ಸಂಭಾಜಿನಗರಗಳ ಕನ್ನಡಿಗರ ಮನೆಗಳಲ್ಲೂ ಮಕ್ಕಳ ನೆಗಡಿ ಸಾಮಾನ್ಯ. ಹೆಚ್ಚಿನ ಮಕ್ಕಳು ವಾರದಲ್ಲಿ ಚೇತರಿಸಿಕೊಳ್ಳುತ್ತಾರೆ. ಕೆಲವರಿಗೆ ಮಾತ್ರ ಎದೆಯಲ್ಲಿ ಸುಯ್ಗುಟ್ಟುವ ಸದ್ದು ಉಳಿಯುತ್ತದೆ. ವೈರಾಣು ಒಂದೇ ಆಗಿದ್ದರೂ ಫಲವೇಕೆ ಬೇರೆ?

ಕಾರಣದ ದೊಡ್ಡ ಪಾಲು ಮೊದಲೇ ಇದ್ದ ಅಲರ್ಜಿಯದು. ಹಾಸಿಗೆಯ ಧೂಳಿನಲ್ಲಿರುವ ಸೂಕ್ಷ್ಮ ನುಸಿ, ಗೋಡೆಯ ಬೂಷ್ಟು, ಹೂವಿನ ಪರಾಗ ಇವುಗಳಿಗೆ ಒಗ್ಗದ ದೇಹವು ಐಜಿಇ ಎಂಬ ಪ್ರತಿಕಾಯವನ್ನು ಸಿದ್ಧಪಡಿಸಿಕೊಂಡಿರುತ್ತದೆ. ಅಂಥ ದೇಹದಲ್ಲಿ ವೈರಾಣುವನ್ನು ತಡೆಯಬೇಕಾದ ಇಂಟರ್‌ಫೆರಾನ್ ಸಾಕಷ್ಟು ಹುಟ್ಟದು. ನೆಗಡಿಯ ರೈನೊವೈರಸ್ ಶ್ವಾಸನಾಳಕ್ಕಿಳಿದಾಗ ನಾಳಗಳು ಊದಿ, ಬಿಗಿದು, ಕಫದಿಂದ ಕಟ್ಟಿಕೊಳ್ಳುತ್ತವೆ.

ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ, ಅಲರ್ಜಿ ಅಥವಾ ಆಸ್ತಮಾ ಇದ್ದ ತಂದೆತಾಯಿಯರ ಮಕ್ಕಳನ್ನು ಹುಟ್ಟಿನಿಂದಲೇ ಗಮನಿಸಿದ ವೈದ್ಯರು ೨೦೧೨ರಲ್ಲಿ ಈ ಕ್ರಮವನ್ನು ಸ್ಪಷ್ಟಪಡಿಸಿದರು: ಅಲರ್ಜಿ ಮೊದಲು, ರೈನೊವೈರಸ್ಸಿನ ಉಬ್ಬಸ ಅನಂತರ. ಅಲರ್ಜಿಯುಳ್ಳ ಮಕ್ಕಳಿಗೆಲ್ಲ ಆಸ್ತಮಾ ಬರುವುದೆಂದು ಇದರರ್ಥವಲ್ಲ.

ನಮ್ಮ ಬಡಾವಣೆಗಳ ಖಾಲಿ ನಿವೇಶನಗಳನ್ನು ನೋಡಿ. ೧೯೫೦ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡು ದೇಶವನ್ನೆಲ್ಲ ವ್ಯಾಪಿಸಿದ ಕಾಂಗ್ರೆಸ್ ಗಿಡ ಅಲ್ಲಿ ಇದೇ ಕಾಲದಲ್ಲಿ ಹೂ ತಳೆದಿರುತ್ತದೆ. ಅದನ್ನು ಹೂ ಬಿಡುವ ಮೊದಲೇ ಕೀಳಿಸಬೇಕು, ಬರಿಗೈಯಿಂದಲ್ಲ. ಹಾಸಿಗೆಯ ಹೊದಿಕೆಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಬೇಕು. ವೈದ್ಯರು ದಿನವೂ ಸೇದಲು ಕೊಟ್ಟ ಔಷಧಿಯನ್ನು, ಚಟವಾದೀತೆಂಬ ನೆರೆಹೊರೆಯವರ ಮಾತಿಗೆ ಅಂಜಿ ನಿಲ್ಲಿಸಬಾರದು. ಅದು ಚಟವಾಗುವ ಮದ್ದಲ್ಲ. ನೆಗಡಿಯ ನಡುವೆ ಮಗುವಿನ ಪಕ್ಕೆ ಒಳಸೆಳೆದರೆ, ಮಾತು ತುಂಡರಿಸಿದರೆ, ತುಟಿ ನೀಲಿಗಟ್ಟಿದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಒಯ್ಯಿರಿ.