ನಾಲ್ಕು ತಂತಿಯ ಬೇಸ್‌ನಲ್ಲಿ ಮಂದ್ರದ ಬಿ

ನಾಲ್ಕು ತಂತಿಯ ಬೇಸ್ ಗಿಟಾರನ್ನು ರೂಢಿಯ ಇ-ಎ-ಡಿ-ಜಿ ಶ್ರುತಿಯಿಂದ ಬಿ-ಇ-ಎ-ಡಿ ಶ್ರುತಿಗೆ ಇಳಿಸಬಯಸುವ ಓದುಗರು ಈಗಿರುವ ತಂತಿಗಳನ್ನೇ ಸಡಿಲಿಸಲು ಹೋಗಬಾರದು. ಇ ಸ್ವರದ ಆವರ್ತನ 41.2 ಹರ್ಟ್ಸ್‌ನಿಂದ ಬಿ ಸ್ವರದ 30.9 ಹರ್ಟ್ಸ್‌ಗೆ ಇಳಿದಾಗ ಅದೇ ತಂತಿಯ ಬಿಗಿತ ಮೊದಲಿನ ಶೇ 56ರಷ್ಟಕ್ಕೆ ಕುಸಿದು, ತಂತಿ ಫ್ರೆಟ್‌ಗಳಿಗೆ ಬಡಿದು ಗರಗರಗುಟ್ಟುತ್ತದೆ. ಐದು ತಂತಿಯ ಸೆಟ್ ಕೊಂಡು, ಅದರ ಜಿ ತಂತಿಯನ್ನು ಬದಿಗಿಟ್ಟು, ಉಳಿದ ನಾಲ್ಕನ್ನು ಹಾಕುವುದೇ ಸರಿಯಾದ ದಾರಿ.

ನಿಜವಾದ ತೊಡಕಿರುವುದು ನಟ್‌ನಲ್ಲಿ, ಅಂದರೆ ಕುತ್ತಿಗೆಯ ತುದಿಯಲ್ಲಿ ತಂತಿಗಳು ಕೂರುವ ಕಚ್ಚುಗಳುಳ್ಳ ಪುಟ್ಟ ಪಟ್ಟಿಯಲ್ಲಿ: 0.105 ಇಂಚಿನ ತಂತಿಗೆ ಕೊರೆದ ಕಚ್ಚಿನೊಳಗೆ 0.130 ಇಂಚಿನ ಬಿ ತಂತಿ ಇಳಿಯದೆ ಮೇಲೆಯೇ ಕೂತು, ಮೊದಲ ಫ್ರೆಟ್‌ಗಳಲ್ಲಿ ಒತ್ತಿದ ಸ್ವರಗಳನ್ನು ಏರಿಸಿಬಿಡುತ್ತದೆ. ಅರದಿಂದ ಅಗಲಿಸಿದ ಕಚ್ಚು ಮುಂದೆಂದಾದರೂ ತೆಳು ತಂತಿಯನ್ನು ಭದ್ರವಾಗಿ ಹಿಡಿಯಲಾರದಾದ್ದರಿಂದ, ಹಳೆಯ ನಟ್ಟನ್ನು ಜೋಪಾನವಾಗಿ ತೆಗೆದಿಟ್ಟು ಹೊಸದನ್ನು ಮಾಡಿಸುವುದು ಲೇಸು. ಬಳಿಕ, ಹೊಸ ಶ್ರುತಿಯಲ್ಲಿಯೇ, ಕುತ್ತಿಗೆಯೊಳಗಿನ ಟ್ರಸ್ ರಾಡ್ ಎಂಬ ಉಕ್ಕಿನ ಸರಳನ್ನು ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸದೆ ಬಾಗನ್ನು ಸರಿಪಡಿಸಿ, ತಂತಿಗಳ ಎತ್ತರ ಹೊಂದಿಸಿ, ಕೊನೆಗೆ 12ನೆಯ ಫ್ರೆಟ್‌ನಲ್ಲಿ ಒತ್ತಿದ ಸ್ವರವು ಅಲ್ಲಿಯೇ ಹಗುರವಾಗಿ ಮುಟ್ಟಿ ಹೊರಡಿಸಿದ ಹಾರ್ಮೋನಿಕ್‌ಗಿಂತ ಏರಿದ್ದರೆ ಬ್ರಿಜ್‌ನ ಸ್ಯಾಡಲನ್ನು ಹಿಂದಕ್ಕೆ ಸರಿಸಬೇಕು. ಅರ ಹಿಡಿದು ಅಭ್ಯಾಸವಿಲ್ಲದವರು ನಟ್ಟಿನ ಕೆಲಸವನ್ನು ಮಾತ್ರ ಗಿಟಾರ್ ರಿಪೇರಿಯವರಿಗೆ ಒಪ್ಪಿಸಲಿ. ಉಳಿದದ್ದೆಲ್ಲ ಮನೆಯಲ್ಲೇ ಆಗುವಂಥದ್ದು.